ಬಹುಭಾಷಿಕ ತರಗತಿ ಮತ್ತು ಇಂಗ್ಲಿಷ್ ಸಂಶೋಧನೆಯ ವಿನ್ಯಾಸ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸಂದರ್ಭ

ಸಾರಾಂಶ

ಇಂಗ್ಲಿಷ್ ಕಲಿಕೆಯನ್ನು ಕುರಿತ ವಿದ್ಯಾರ್ಥಿ ಸಂಶೋಧನೆಯಲ್ಲಿ ಕಲಿಯುವವರ ದೋಷಗಳನ್ನು ‘ಮಾತೃಭಾಷೆಯ ಪ್ರಭಾವ’ ಎಂದು ವಿವರಿಸುವುದು ರೂಢಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದಲ್ಲಿ ಆ ಮಾತೃಭಾಷೆ ಕನ್ನಡವೇ ಎಂದು ಮೊದಲೇ ಗ್ರಹಿಸಿಕೊಂಡರೆ ವಿವರಣೆಯ ಬುಡವೇ ಅಲುಗಾಡುತ್ತದೆ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ, ಮರಾಠಿ ಮನೆಮಾತಿನ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತಿರುವುದು ಸಂಶೋಧನೆಗೆ ತೊಡಕಲ್ಲ. ಪ್ರಭಾವವನ್ನು ಸಾಧಿಸಿ ತೋರಿಸಲು ಬೇಕಾದ ತುಲನೆಯ ಗುಂಪುಗಳನ್ನು ಅದೇ ಒದಗಿಸುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಕೀಲಿಪದಗಳು: ಮಾತೃಭಾಷಾ ಪ್ರಭಾವ, ದೋಷ ವಿಶ್ಲೇಷಣೆ, ಭಾಷಾ ಸಂಪರ್ಕ, ಮನೆಮಾತು, ದಖನಿ, ಲಂಬಾಣಿ, ಸಂಶೋಧನಾ ವಿನ್ಯಾಸ

1. ಪೀಠಿಕೆ

ಕಲಿಯುವವರ ಭಾಷೆಯನ್ನು ಕುರಿತ ಆಧುನಿಕ ಚಿಂತನೆಗೆ ಮೂರು ಘಟ್ಟಗಳಿವೆ. 1953ರಲ್ಲಿ ಯೂರಿಯಲ್ ವೈನ್‌ರೈಶ್ ಭಾಷಾ ಸಂಪರ್ಕದ ಚರ್ಚೆಯಲ್ಲಿ ಒಂದು ಭಾಷೆಯ ರೂಢಿಗಳು ಇನ್ನೊಂದರೊಳಗೆ ನುಸುಳುವ ಬಗೆಯನ್ನು ವ್ಯವಸ್ಥಿತವಾಗಿ ವಿವರಿಸಿದರು. 1957ರಲ್ಲಿ ರಾಬರ್ಟ್ ಲ್ಯಾಡೊ ಎರಡು ಭಾಷೆಗಳ ರಚನೆಯನ್ನು ಎದುರುಬದುರು ಇಟ್ಟು ನೋಡಿದರೆ ಕಲಿಕೆಯ ಕಷ್ಟಗಳನ್ನು ಮುಂಗಾಣಬಹುದೆಂದು ವಾದಿಸಿದರು. 1967ರಲ್ಲಿ ಪಿಟ್ ಕಾರ್ಡರ್, 1972ರಲ್ಲಿ ಲ್ಯಾರಿ ಸೆಲಿಂಕರ್ ಈ ನೋಟವನ್ನು ತಿದ್ದಿದರು: ಕಲಿಯುವವರ ತಪ್ಪು ಕೇವಲ ಲೋಪವಲ್ಲ, ತನ್ನದೇ ನಿಯಮಗಳಿರುವ ಒಂದು ನಡುಭಾಷೆಯ ಸಾಕ್ಷ್ಯ, ಮೊದಲ ಭಾಷೆಯ ಪ್ರಭಾವ ಆ ನಡುಭಾಷೆಯನ್ನು ರೂಪಿಸುವ ಹಲವು ಕಾರಣಗಳಲ್ಲಿ ಒಂದು ಮಾತ್ರ.

ವಿದ್ಯಾರ್ಥಿ ಪ್ರಬಂಧಗಳ ಸೈದ್ಧಾಂತಿಕ ಅಧ್ಯಾಯದಲ್ಲಿ ಈ ಮೂರು ಘಟ್ಟಗಳು ಸಾಮಾನ್ಯವಾಗಿ ಬರುತ್ತವೆ. ಆದರೆ ವಿಶ್ಲೇಷಣೆಯ ಅಧ್ಯಾಯಕ್ಕೆ ಬಂದಾಗ ವಿನ್ಯಾಸವು ಲ್ಯಾಡೊ ಅವರ ಕಾಲಕ್ಕೇ ಹಿಂದಿರುಗುವುದುಂಟು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್. ನಡುವೆ ಉತ್ತರಪತ್ರಿಕೆಗಳಿಂದ ಆಯ್ದ ದೋಷಗಳ ಪಟ್ಟಿ. ಪ್ರತಿಯೊಂದರ ಮುಂದೆ ‘ಕನ್ನಡದ ಪ್ರಭಾವ’ ಎಂಬ ಷರಾ. ವಾಕ್ಯವನ್ನು ಬರೆದ ವಿದ್ಯಾರ್ಥಿಯ ಮನೆಯಲ್ಲಿ ಕನ್ನಡ ಆಡುತ್ತಾರೆಯೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಹೊಸಪೇಟೆಯ ಸುತ್ತಲಿನ ಪ್ರದೇಶದಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಅದಕ್ಕೆ ಕಾರಣ ಇಲ್ಲಿನ ನೆಲದ ಇತಿಹಾಸದಲ್ಲಿದೆ.

2. ಪ್ರದೇಶದ ಭಾಷಾಸ್ವರೂಪ

ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು 1953ರಲ್ಲಿ ಭಾಷೆಯ ಆಧಾರದ ಮೇಲೆ ವಿಭಾಗಿಸಲಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ಗಡಿ ಎಳೆದಷ್ಟು ಸುಲಭವಾಗಿ ಮಾತಿನ ಗಡಿಯನ್ನು ಎಳೆಯಲಾಗುವುದಿಲ್ಲ. ಬಳ್ಳಾರಿ ಸೀಮೆಯ ಕನ್ನಡದಲ್ಲಿ ಗೌರವದಿಂದ ಒಬ್ಬ ಗಂಡಸನ್ನು ‘ಆಯಪ್ಪ’ ಎಂದೂ ಹೆಂಗಸನ್ನು ‘ಆಯಮ್ಮ’ ಎಂದೂ ಸೂಚಿಸುತ್ತಾರೆ. ರಾಯಲಸೀಮೆಯ ತೆಲುಗಿನಲ್ಲಿಯೂ ಇವೇ ರೂಪಗಳಿವೆ.

ಸಂಡೂರಿನದು ಬೇರೆ ಬಗೆಯ ಇತಿಹಾಸ. ಮರಾಠಾ ಮೂಲದ ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. ಅಲ್ಲಿ ಕನ್ನಡದ ಜೊತೆಗೆ ಮರಾಠಿಗೂ ಒಂದು ಸ್ಥಾನ ಒದಗಿದ್ದು ಹೀಗೆ. ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಗಣಿಗಾರಿಕೆ ಹಾಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಾಗಿ ಇತರ ರಾಜ್ಯಗಳ ದುಡಿಮೆಗಾರರು ಬಂದು ಹಿಂದಿಯ ಬಳಕೆಯೂ ಹೆಚ್ಚಿದೆ.

ಕಂಪ್ಲಿಯ ಚಿತ್ರವನ್ನು ನೀರು ರೂಪಿಸಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಕರಾವಳಿ ಆಂಧ್ರದ ರೈತ ಕುಟುಂಬಗಳು ನದಿಯ ಎರಡೂ ದಡಗಳ ನೀರಾವರಿ ಪ್ರದೇಶಕ್ಕೆ ಬಂದು ನೆಲೆಸಿದವು. ಅವರ ಊರುಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಆದ್ದರಿಂದ ಈ ಭಾಗದಲ್ಲಿ ‘ತೆಲುಗು’ ಎಂದರೆ ಒಂದೇ ಬಗೆಯ ತೆಲುಗಲ್ಲ: ತಲೆಮಾರುಗಳಿಂದ ಕನ್ನಡದೊಡನೆ ಬೆರೆತ ಗಡಿನಾಡಿನ ತೆಲುಗು ಒಂದು, ಕ್ಯಾಂಪುಗಳ ಕರಾವಳಿ ತೆಲುಗು ಇನ್ನೊಂದು. ಹೊಸಪೇಟೆ, ಕಂಪ್ಲಿ ಪಟ್ಟಣಗಳಲ್ಲಿ ದಖನಿ ಉರ್ದು ಮನೆಯ ಹಾಗೂ ಪೇಟೆಯ ಮಾತಾಗಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಇಂಗ್ಲಿಷ್ ಪಠ್ಯಪುಸ್ತಕದ ಭಾಷೆ ಮಾತ್ರವಲ್ಲ, ಪ್ರವಾಸಿಗರೊಡನೆ ನಿತ್ಯ ಆಡುವ ಮಾತೂ ಹೌದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡು ಮಾದರಿಯನ್ನು ಆಯ್ದುಕೊಳ್ಳುವ ಸಂಶೋಧಕರು ಈ ಭಾಷಾಪರಿಸರವನ್ನು ಅರಿವಿಲ್ಲದೆ ಎರಡು ತುಂಡು ಮಾಡಿಬಿಡುವ ಅಪಾಯವಿದೆ.

3. ‘ಮಾತೃಭಾಷೆ’ ಎಂಬ ಪರಿಕಲ್ಪನೆಯ ತೊಡಕು

ಮಾತೃಭಾಷೆ ಯಾವುದೆಂದು ಕೇಳಿ ಬರೆದುಕೊಂಡರೆ ಸಾಲದೇ ಎಂದು ಕೇಳಬಹುದು. ಸಾಲದು, ಏಕೆಂದರೆ ಆ ಪದಕ್ಕೆ ಚಾಲ್ತಿಯಲ್ಲಿರುವ ಅರ್ಥಗಳು ಒಂದಕ್ಕೊಂದು ಹೊಂದುವುದಿಲ್ಲ. ಜನಗಣತಿಯ ಪ್ರಕಾರ ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ. ಶಿಕ್ಷಣ ಮಾಧ್ಯಮವನ್ನು ಕುರಿತ ಕರ್ನಾಟಕದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ನೀಡಿದ ತೀರ್ಪಿನಂತೆ ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪಾಲಕರು. ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಅದು ಒಂದು ಕಾಲಂ. ಶಾಲೆಯ ದಾಖಲೆಯಲ್ಲಿ ಇದ್ದುದನ್ನೇ ಅಲ್ಲಿಗೆ ಇಳಿಸಿಕೊಳ್ಳುವುದುಂಟು. ಮೊದಲನೆಯದು ಆಡುವ ಮಾತನ್ನು, ಎರಡನೆಯದು ಆಯ್ಕೆಯನ್ನು, ಮೂರನೆಯದು ದಾಖಲೆಯನ್ನು ಹೇಳುತ್ತದೆ. ಭಾಷಾವಿಜ್ಞಾನಿಗೆ ಬೇಕಾದುದು ಈ ಮೂರಲ್ಲಿ ಮೊದಲನೆಯದಕ್ಕೆ ಹತ್ತಿರವಾದ, ಆದರೆ ಅದಕ್ಕಿಂತ ವಿವರವಾದ ಮಾಹಿತಿ.

ಜನಗಣತಿಯ ಅಂಕಿಅಂಶಗಳನ್ನು ನೇರವಾಗಿ ಬಳಸುವುದರಲ್ಲಿಯೂ ಎಚ್ಚರ ಬೇಕು. 2011ರ ಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯನ್ನು ಮಾತೃಭಾಷೆಯೆಂದು ಹೇಳಿಕೊಂಡವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಆದರೆ ಅದು ಸ್ವತಂತ್ರ ಭಾಷೆಯಾಗಿ ನಿಲ್ಲದೆ ‘ಹಿಂದಿ’ ಎಂಬ ಶೀರ್ಷಿಕೆಯಡಿ ಸೇರಿಹೋಗಿದೆ. ದಖನಿಯನ್ನಾಡುವವರು ತಮ್ಮ ಭಾಷೆಯನ್ನು ಉರ್ದು ಎಂದೇ ಹೇಳುತ್ತಾರೆ. ಹಾಗಾಗಿ ಕೋಷ್ಟಕದಲ್ಲಿ ಕಾಣುವ ಹಿಂದಿ, ಉರ್ದುಗಳನ್ನು ದೆಹಲಿ, ಲಖನೌಗಳ ವ್ಯಾಕರಣದಿಂದ ಅರ್ಥೈಸಿದರೆ ಸಂಡೂರಿನ ತಾಂಡಾದ ಮಗುವಿಗೂ ಹೊಸಪೇಟೆಯ ಪೇಟೆಬೀದಿಯ ಮಗುವಿಗೂ ಅವರದಲ್ಲದ ಭಾಷೆಯನ್ನು ಹೊರಿಸಿದಂತಾಗುತ್ತದೆ.

4. ಪ್ರಭಾವವನ್ನು ಸಾಧಿಸುವ ಬಗೆ

ಕಲಿಯುವವರ ಇಂಗ್ಲಿಷಿನಲ್ಲಿ ಕಂಡ ಒಂದು ಲಕ್ಷಣ ಅವರ ಮೊದಲ ಭಾಷೆಯನ್ನು ಹೋಲುತ್ತದೆ ಎಂಬ ಮಾತ್ರಕ್ಕೆ ಅದರಿಂದಲೇ ಬಂದಿತೆಂದು ಹೇಳಲಾಗದು. ಈ ತರ್ಕದೋಷವನ್ನು ಎತ್ತಿ ತೋರಿಸಿದ ಸ್ಕಾಟ್ ಜಾರ್ವಿಸ್ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂರು ಬಗೆಯ ಸಾಕ್ಷ್ಯಗಳನ್ನು ಮುಂದಿಟ್ಟರು. ಮೊದಲನೆಯದು, ಒಂದೇ ಮನೆಮಾತಿನವರ ನಡವಳಿಕೆ ಪರಸ್ಪರ ಹೋಲಬೇಕು. ಎರಡನೆಯದು, ಬೇರೆ ಬೇರೆ ಮನೆಮಾತಿನ ಗುಂಪುಗಳ ನಡವಳಿಕೆ ಭಿನ್ನವಾಗಿರಬೇಕು. ಮೂರನೆಯದು, ಕಲಿಯುವವರು ಇಂಗ್ಲಿಷಿನಲ್ಲಿ ಮಾಡುವುದಕ್ಕೂ ತಮ್ಮ ಮನೆಮಾತಿನಲ್ಲಿ ಮಾಡುವುದಕ್ಕೂ ಸಾಮ್ಯವಿರಬೇಕು. ಜಾರ್ವಿಸ್ ಇದಕ್ಕಾಗಿ ಆರಿಸಿಕೊಂಡದ್ದು ಫಿನ್ಲೆಂಡಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಫಿನ್ನಿಷ್ ಮತ್ತು ಸ್ವೀಡಿಷ್ ಭಾಷಿಕರನ್ನು. ದೇಶ ಒಂದೇ, ಶಿಕ್ಷಣದ ವಾತಾವರಣ ಸುಮಾರಾಗಿ ಒಂದೇ, ಮನೆಮಾತು ಮಾತ್ರ ಬೇರೆ. ಆದ್ದರಿಂದಲೇ ಕಂಡ ವ್ಯತ್ಯಾಸಕ್ಕೆ ಮನೆಮಾತು ಕಾರಣವೆಂದು ಹೇಳಲು ಬಲ ಬಂದಿತು.

ಎಲ್ಲ ವಿದ್ಯಾರ್ಥಿಗಳೂ ಕನ್ನಡಿಗರೆಂದು ಗ್ರಹಿಸಿದ ಪ್ರಬಂಧದಲ್ಲಿ ಈ ಮೂರರಲ್ಲಿ ಎರಡನೆಯ ಸಾಕ್ಷ್ಯಕ್ಕೆ ಎಡೆಯೇ ಇಲ್ಲ. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ, ಕಂಡ ದೋಷ ಕನ್ನಡದಿಂದ ಬಂದುದೋ, ಇಂಗ್ಲಿಷ್ ಕಲಿಯುವ ಎಲ್ಲರಲ್ಲೂ ಕಾಣುವುದೋ, ಪಾಠ ಮಾಡಿದ ರೀತಿಯಿಂದ ಹುಟ್ಟಿದುದೋ ಎಂದು ಬೇರ್ಪಡಿಸಲಾಗದು. ಬೇರೆಡೆ ಸಂಶೋಧಕರು ಹುಡುಕಿಕೊಂಡು ಹೋಗಬೇಕಾದ ತುಲನೆಯ ಗುಂಪು ಹೊಸಪೇಟೆ, ಕಂಪ್ಲಿಗಳ ಕಾಲೇಜಿನಲ್ಲಿ ಅದೇ ಕೊಠಡಿಯ ಮುಂದಿನ ಬೆಂಚಿನಲ್ಲಿದೆ. ಅಧ್ಯಾಪಕರು, ಪಠ್ಯ, ಪರೀಕ್ಷೆ ಎಲ್ಲವೂ ಸಮಾನ. ‘ಮಾತೃಭಾಷೆ: ಕನ್ನಡ’ ಎಂಬ ಒಂದೇ ಕಾಲಂ ಅಳಿಸಿಹಾಕುವುದು ಈ ಅನುಕೂಲವನ್ನೇ.

5. ನಾಲ್ಕು ಲಕ್ಷಣಗಳ ಪರಿಶೀಲನೆ

ಎಲ್ಲ ಲಕ್ಷಣಗಳೂ ಇಂಥ ತುಲನೆಗೆ ಸಮಾನವಾಗಿ ಒದಗುವುದಿಲ್ಲ. ಕೆಲವು ಮೂಲವನ್ನು ಗುರುತಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಈ ವಿವೇಚನೆ ದತ್ತಾಂಶ ಸಂಗ್ರಹಕ್ಕೆ ಮುಂಚೆಯೇ ಆಗಬೇಕು.

5.1 ಗುಣವಾಚಿ ಉಪಪದಗಳು. ‘ದಿ’ ಎಂಬ ಉಪಪದವನ್ನು ಬಿಡುವುದು ದೋಷಪಟ್ಟಿಗಳಲ್ಲಿ ಎದ್ದು ಕಾಣುವ ನಮೂದು. ಕನ್ನಡದಲ್ಲಿ ಅಂಥ ಉಪಪದವಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಕಾರಣ ನಿಜವಾದರೂ ಅದು ಏನನ್ನೂ ಪ್ರತ್ಯೇಕಿಸುವುದಿಲ್ಲ. ತೆಲುಗು, ದಖನಿ, ಲಂಬಾಣಿ, ಮರಾಠಿಗಳಲ್ಲಿಯೂ ನಿಶ್ಚಯಾರ್ಥಕ ಉಪಪದವಿಲ್ಲ. ರಷ್ಯನ್, ಜಪಾನಿ ಭಾಷಿಕರೂ ಇದೇ ಕಡೆ ಎಡವುತ್ತಾರೆ. ಆದುದರಿಂದ ಈ ಲಕ್ಷಣದ ಆಧಾರದಿಂದ ‘ಕನ್ನಡದ ಪ್ರಭಾವ’ವನ್ನು ಸಾಧಿಸಲಾಗದು.

5.2 ಉಕ್ತಿಸೂಚಕ ರಚನೆ. ಒಬ್ಬರ ಮಾತನ್ನು ವರದಿ ಮಾಡುವಾಗ ಕನ್ನಡದ ‘ಎಂದು’ ಅಥವಾ ‘ಅಂತ’, ತೆಲುಗಿನ ‘ಅನಿ’, ಮರಾಠಿಯ ‘ಮ್ಹಣೂನ್’, ದಖನಿಯ ‘ಬೋಲ್‌ಕೆ’ ಸುಮಾರಾಗಿ ಒಂದೇ ಕೆಲಸ ಮಾಡುತ್ತವೆ. ದಖನಿಯ ರೂಪ ದ್ರಾವಿಡ ಭಾಷೆಗಳ ಒಡನಾಟದಲ್ಲಿ ಬೆಳೆದುದು. 1956ರಲ್ಲಿ ಎಮೆನೋ ಭಾರತವನ್ನು ಒಂದು ಭಾಷಾವಲಯವೆಂದು ವಿವರಿಸಿದರು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪದಕ್ಕೆ ಪದ ಇಟ್ಟು ಅನುವಾದಿಸಬಹುದಾದಷ್ಟು ಹತ್ತಿರ ಬಂದಿರುವುದನ್ನು ತೋರಿಸಿದರು. ನಮ್ಮ ಪ್ರದೇಶದಲ್ಲಿಯೂ ಇಂಥ ಸಮಾನ ರಚನೆಗಳಿವೆ. ಅವುಗಳಿಂದ ಬಂದ ಇಂಗ್ಲಿಷ್ ವಾಕ್ಯಗಳನ್ನು ಯಾವುದೋ ಒಂದು ಭಾಷೆಯ ಹೆಸರಿಗೆ ಬರೆಯುವ ಬದಲು ಸಂಪರ್ಕವಲಯದ ಲಕ್ಷಣವೆಂದು ದಾಖಲಿಸುವುದು ಸರಿ.

5.3 ಪ್ರಥಮ ಪುರುಷ ಸರ್ವನಾಮದ ಲಿಂಗ. ಇಲ್ಲಿ ಮನೆಮಾತುಗಳು ಬೇರೆಯಾಗುತ್ತವೆ. ಕನ್ನಡದಲ್ಲಿ ‘ಅವನು’, ‘ಅವಳು’, ‘ಅದು’ ಎಂಬ ಮೂರು ರೂಪಗಳಿದ್ದು ಕ್ರಿಯಾಪದವೂ ಮೂರಕ್ಕೆ ಹೊಂದಿಕೊಳ್ಳುತ್ತದೆ. ತೆಲುಗಿನ ಏಕವಚನದಲ್ಲಿ ಕ್ರಿಯಾಪದಕ್ಕೆ ಎರಡೇ ರೂಪ: ಗಂಡಸಿಗೆ ‘ವಚ್ಚಾಡು’, ಹೆಂಗಸಿಗೂ ವಸ್ತುವಿಗೂ ‘ವಚ್ಚಿಂದಿ’. ದಖನಿಯಲ್ಲಿ ‘ಉನೆ’ ಎಂಬ ಸರ್ವನಾಮ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಮರಾಠಿಯಲ್ಲಿ ‘ತೋ’, ‘ತೀ’, ‘ತೇ’ ಎಂಬ ಮೂರು ರೂಪಗಳಿದ್ದರೂ ಅಚೇತನ ವಸ್ತುಗಳು ಮೂರರಲ್ಲಿಯೂ ಹಂಚಿಹೋಗಿವೆ: ‘ರಸ್ತಾ’ ಪುಲ್ಲಿಂಗ, ‘ಖುರ್ಚಿ’ ಸ್ತ್ರೀಲಿಂಗ, ‘ಝಾಡ್’ ನಪುಂಸಕ. ಇದರಿಂದ ಪರೀಕ್ಷಿಸಬಹುದಾದ ಪ್ರಾಕ್‌ಕಲ್ಪನೆಗಳು ಹುಟ್ಟುತ್ತವೆ. ಮನೆಮಾತಿನ ಪ್ರಭಾವ ಇರುವುದೇ ಆದರೆ ‘ಹಿ’ ಮತ್ತು ‘ಷಿ’ಗಳ ಅದಲುಬದಲು ದಖನಿ ಮನೆಗಳ ವಿದ್ಯಾರ್ಥಿಗಳಲ್ಲಿ ಹೆಚ್ಚಿರಬೇಕು, ವಸ್ತುವಿಗೆ ‘ಹಿ’ ಅಥವಾ ‘ಷಿ’ ಬಳಸುವುದು ಮರಾಠಿ ಗುಂಪಿನಲ್ಲಿ ಕಾಣಬೇಕು, ಕನ್ನಡ ಗುಂಪಿನಲ್ಲಿ ಎರಡೂ ಕಡಿಮೆಯಿರಬೇಕು. ಎಲ್ಲ ಗುಂಪುಗಳಲ್ಲೂ ಪ್ರಮಾಣ ಸಮನಾಗಿ ಬಂದರೆ ಕಾರಣವನ್ನು ಮನೆಮಾತಿನ ಹೊರಗೆ ಹುಡುಕಬೇಕು. ಈ ಎರಡು ಫಲಿತಗಳೂ ಪ್ರಕಟಣೆಗೆ ಅರ್ಹ.

ಹೋಲಿಕೆಗೆ ಶಿಷ್ಟ ವ್ಯಾಕರಣವನ್ನಷ್ಟೇ ನಂಬಬಾರದೆಂಬ ಎಚ್ಚರವೂ ಇಲ್ಲಿ ಅಗತ್ಯ. ‘ಕೂಸು ಬಂತು’ ಎಂಬಲ್ಲಿ ಮನುಷ್ಯವಾಚಿಗೆ ನಪುಂಸಕ ಕ್ರಿಯೆ ಬಂದಿದೆ. ‘ಆಯಪ್ಪ’, ‘ಆಯಮ್ಮ’ಗಳಲ್ಲಿ ಲಿಂಗ ಸ್ಪಷ್ಟ, ‘ಅವರು’ ಎಂಬ ಗೌರವ ರೂಪದಲ್ಲಿ ಅದು ಮರೆಯಾಗುತ್ತದೆ. ವಿದ್ಯಾರ್ಥಿಯು ಅಧ್ಯಾಪಕಿಯನ್ನು ಕುರಿತು ಬರೆದ ಬರಹಕ್ಕೂ ತಮ್ಮನನ್ನು ಕುರಿತು ಬರೆದ ಬರಹಕ್ಕೂ ಈ ಕಾರಣದಿಂದಲೇ ವ್ಯತ್ಯಾಸ ಬರಬಹುದು.

5.4 ಪದಾಂತ್ಯದ ಸ್ವರ. ‘ಇಸ್ಕೂಲು’ ಎಂಬ ಉಚ್ಚಾರಣೆಯಲ್ಲಿ ಎರಡು ಸ್ವರಗಳು ಸೇರಿವೆ. ಮೊದಲಿನ ಇಕಾರ ಗ್ರಾಮ್ಯ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಉಂಟು. ಆದ್ದರಿಂದ ಅದು ಮೂಲವನ್ನು ತಿಳಿಸದು. ಕೊನೆಯ ಉಕಾರ ಹಾಗಲ್ಲ. ವ್ಯಂಜನಾಂತ ಪದಗಳಿಗೆ ಉಕಾರ ಸೇರಿಸುವುದು ಕನ್ನಡ, ತೆಲುಗುಗಳ ರೂಢಿ: ‘ಬಸ್ಸು’, ‘ಕಾರು’. ದಖನಿ, ಮರಾಠಿಗಳು ಪದಾಂತ್ಯದ ವ್ಯಂಜನವನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಇಂಗ್ಲಿಷ್ ಓದುವಾಗ ದಖನಿ ಮನೆಯ ವಿದ್ಯಾರ್ಥಿಯೂ ಉಕಾರ ಸೇರಿಸಿದರೆ, ಅದು ಮನೆಯಿಂದಲ್ಲದೆ ಕನ್ನಡ ಮಾಧ್ಯಮದ ಶಾಲೆಯಿಂದ ಬಂದಿರಬಹುದೇ ಎಂದು ಕೇಳಬೇಕಾಗುತ್ತದೆ. ಅಂಥ ವಿದ್ಯಾರ್ಥಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಭಾಷೆ; ಪ್ರಭಾವ ಮೊದಲನೆಯದರಿಂದಲೂ ಬರಬಹುದು, ಎರಡನೆಯದರಿಂದಲೂ ಬರಬಹುದು. ಕನ್ನಡ ಮತ್ತು ಇಂಗ್ಲಿಷ್ ಎಂಬ ಇಬ್ಬಗೆಯ ವಿನ್ಯಾಸದಲ್ಲಿ ಈ ಪ್ರಶ್ನೆಯನ್ನು ಕೇಳಲೂ ಆಗದು.

6. ದತ್ತಾಂಶ ಸಂಗ್ರಹದ ಕ್ರಮ

ಮೇಲಿನ ವಿವೇಚನೆಯಿಂದ ನಾಲ್ಕು ಕಾರ್ಯಸೂಚನೆಗಳು ಹೊರಡುತ್ತವೆ.

ಒಂದು, ಪ್ರಶ್ನಾವಳಿಯಲ್ಲಿ ‘ನಿಮ್ಮ ಮಾತೃಭಾಷೆ ಯಾವುದು?’ ಎಂಬ ಪ್ರಶ್ನೆಯ ಬದಲು ಸಂದರ್ಭಗಳನ್ನು ಕೇಳಬೇಕು: ಅಜ್ಜಿಯೊಡನೆ, ತಾಯಿಯೊಡನೆ, ಒಡಹುಟ್ಟಿದವರೊಡನೆ, ಗೆಳೆಯರೊಡನೆ, ಸಂತೆಯಲ್ಲಿ ಯಾವ ಮಾತು, ಲೆಕ್ಕ ಎಣಿಸುವುದು, ಬೈಯುವುದು, ಮೊಬೈಲಿನಲ್ಲಿ ಸಂದೇಶ ಬರೆಯುವುದು ಯಾವ ಮಾತಿನಲ್ಲಿ, ಓದು ಬರಹ ಮೊದಲು ಕಲಿತದ್ದು ಯಾವುದರಲ್ಲಿ. ಕಾಲೇಜಿನ ಆವರಣದಲ್ಲಿ ಲಂಬಾಣಿಯನ್ನು ಒಪ್ಪಿಕೊಳ್ಳಲು ಹಿಂಜರಿಯುವ ವಿದ್ಯಾರ್ಥಿಯೂ ಅಜ್ಜಿಯೊಡನೆ ಆಡುವ ಮಾತು ಯಾವುದೆಂದು ಸಲೀಸಾಗಿ ಹೇಳಿಯಾನು.

ಎರಡು, ಪರೀಕ್ಷೆಯ ಉತ್ತರಪತ್ರಿಕೆಗಳು ದುರ್ಬಲ ಆಕರ. ಅವುಗಳಲ್ಲಿ ಕಂಠಪಾಠದ ಭಾಗ ಎಷ್ಟೆಂದು ತಿಳಿಯುವುದಿಲ್ಲ. ಮಾತಿಲ್ಲದ ಚಿತ್ರಸರಣಿಯೊಂದನ್ನು ಕೊಟ್ಟು ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿಸಿ, ಕೆಲವು ದಿನಗಳ ಅಂತರದಲ್ಲಿ ಅದನ್ನೇ ಮನೆಮಾತಿನಲ್ಲಿ ಹೇಳಿಸಬೇಕು. ಜಾರ್ವಿಸ್ ಕೇಳುವ ಮೂರನೆಯ ಸಾಕ್ಷ್ಯ ಇದರಿಂದ ದೊರೆಯುತ್ತದೆ; ಲಂಬಾಣಿ, ದಖನಿಗಳ ಸ್ಥಳೀಯ ರೂಪಗಳ ದಾಖಲೆಯೂ ಜೊತೆಗೆ ಸಿದ್ಧವಾಗುತ್ತದೆ.

ಮೂರು, ದೋಷಗಳ ಒಟ್ಟು ಸಂಖ್ಯೆಯನ್ನಲ್ಲ, ದೋಷಕ್ಕೆ ಅವಕಾಶವಿದ್ದ ಸಂದರ್ಭಗಳಲ್ಲಿ ದೋಷದ ಪ್ರಮಾಣವನ್ನು ಕೊಡಬೇಕು. ಉದಾಹರಣೆಗೆ, ಒಬ್ಬಳು 40 ಕಡೆ ಸರ್ವನಾಮ ಬಳಸಿ 4 ಕಡೆ ತಪ್ಪಿದ್ದರೆ ಪ್ರಮಾಣ ಶೇ. 10, ಇನ್ನೊಬ್ಬ 5 ಕಡೆ ಬಳಸಿ 2 ಕಡೆ ತಪ್ಪಿದ್ದರೆ ಶೇ. 40. ಬರಿಯ ಸಂಖ್ಯೆಯನ್ನು ನೋಡಿದರೆ ಹೆಚ್ಚು ಬರೆದವಳೇ ಹೆಚ್ಚು ತಪ್ಪಿದವಳಾಗಿ ಕಾಣುತ್ತಾಳೆ.

ನಾಲ್ಕು, ಗುಂಪುಗಳು ಚಿಕ್ಕವಾಗಿದ್ದಾಗ ಊರು, ತಾಂಡಾ, ಮನೆಮಾತು, ತರಗತಿ ಇಷ್ಟನ್ನೇ ಹೇಳಿದರೂ ವ್ಯಕ್ತಿಯ ಗುರುತು ಸಿಕ್ಕಿಬಿಡುತ್ತದೆ. ಒಪ್ಪಿಗೆ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಡುವುದರ ಜೊತೆಗೆ, ಪ್ರಬಂಧದಲ್ಲಿ ಇಂಥ ವಿವರಗಳನ್ನು ಒಟ್ಟಿಗೆ ಮುದ್ರಿಸದಿರುವುದೂ ಸಂಶೋಧಕರ ಹೊಣೆ.

7. ಸಾಹಿತ್ಯ ಸಂಶೋಧನೆಗೆ ಇದರ ಅನ್ವಯ

ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡವರಿಗೂ ಈ ಮಾತು ಸಲ್ಲುತ್ತದೆ. ಹಂಪಿಯನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ರಾಬರ್ಟ್ ಸ್ಯೂವೆಲ್ ಅವರ ‘ಎ ಫರ್ಗಾಟನ್ ಎಂಪೈರ್’ ಮುಖ್ಯವಾದುದು. 1900ರಲ್ಲಿ ಬಂದ ಈ ಕೃತಿಯಲ್ಲಿ ಡೊಮಿಂಗೊ ಪಾಯಸ್, ಫೆರ್ನಾವೊ ನೂನಿಜ್ ಅವರ ವೃತ್ತಾಂತಗಳ ಇಂಗ್ಲಿಷ್ ಅನುವಾದವಿದೆ. ಅದಕ್ಕೆ ಆಧಾರವಾದ ಪೋರ್ಚುಗೀಸ್ ಪಾಠವನ್ನು ಡೇವಿಡ್ ಲೋಪೆಸ್ 1897ರಲ್ಲಿ ಪ್ರಕಟಿಸಿದ್ದರು. ಅಲ್ಲಿ ವಿಜಯನಗರ ‘ಬಿಸ್ನಗಾ’ ಆಗಿದೆ. 2023ರಲ್ಲಿ ಪ್ರಕಟವಾದ ಸಲ್ಮಾನ್ ರಶ್ದಿ ಅವರ ‘ವಿಕ್ಟರಿ ಸಿಟಿ’ ಕಾದಂಬರಿ ಅದೇ ಹೆಸರನ್ನು ತನ್ನ ಕಥಾನಗರಕ್ಕೆ ಎತ್ತಿಕೊಂಡಿದೆ.

ಇಂಥ ಕೃತಿಯನ್ನು ವಸಾಹತೋತ್ತರ ಸಿದ್ಧಾಂತದ ಚೌಕಟ್ಟಿನಲ್ಲಿ ಲಂಡನ್ನಿನಲ್ಲಿಯೂ ಓದಬಹುದು, ಹೊಸಪೇಟೆಯಲ್ಲಿಯೂ ಓದಬಹುದು. ಹೊಸಪೇಟೆಯ ವಿದ್ಯಾರ್ಥಿಗೆ ಅನುಕೂಲವಿರುವುದು ಹೆಸರುಗಳ ಪ್ರಶ್ನೆಯಲ್ಲಿ. ‘ಬಿಸ್ನಗಾ’ದ ಬಕಾರವನ್ನು ಪರ್ಷಿಯನ್ ಚರಿತ್ರೆಗಳ ‘ಬಿಜಾನಗರ’ದೊಡನೆ ಇಟ್ಟು ನೋಡಿದರೆ, ಪೋರ್ಚುಗೀಸರು ಆ ಹೆಸರನ್ನು ಯಾವ ಭಾಷಿಕರ ಬಾಯಿಂದ ಕೇಳಿರಬಹುದೆಂಬ ವಿಚಾರ ತೆರೆದುಕೊಳ್ಳುತ್ತದೆ. ಹೊಸಪೇಟೆಯನ್ನೇ ಗುರುತಿಸುವ ನಾಗಲಾಪುರ, ಕಂಪ್ಲಿ, ಆನೆಗೊಂದಿ ಮೊದಲಾದ ಹೆಸರುಗಳು ಪೋರ್ಚುಗೀಸಿನಿಂದ ಇಂಗ್ಲಿಷಿಗೂ ಅಲ್ಲಿಂದ ಕನ್ನಡ ಅನುವಾದಕ್ಕೂ ಬರುವಾಗ ಪಡೆದ ರೂಪಗಳನ್ನು, ಸ್ಥಳೀಯ ಉಚ್ಚಾರಣೆ ಹಾಗೂ ಶಾಸನಗಳ ರೂಪಗಳೊಡನೆ ಹೋಲಿಸುವುದು ಒಂದು ಎಂ.ಫಿಲ್. ಗಾತ್ರದ ಸಮಸ್ಯೆ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹಾಸ್ಪೆಟ್’ ಅಧಿಕೃತವಾಗಿ ‘ಹೊಸಪೇಟೆ’ ಆದುದು ಅದೇ ಸರಣಿಯ ಇತ್ತೀಚಿನ ಕೊಂಡಿ. ಇಲ್ಲಿಯೂ ಕನ್ನಡ ಮತ್ತು ಇಂಗ್ಲಿಷ್ ಎಂಬ ಎರಡೇ ಕಂಬಗಳನ್ನು ನೆಟ್ಟುಕೊಂಡರೆ ನಡುವಣ ಪೋರ್ಚುಗೀಸ್, ಪರ್ಷಿಯನ್, ತೆಲುಗುಗಳು ಕಣ್ಮರೆಯಾಗುತ್ತವೆ.

8. ಉಪಸಂಹಾರ

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಭಾಷೆ ಕನ್ನಡ. 2010ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಷಯದ ಪ್ರಬಂಧಗಳು ಇಂಗ್ಲಿಷಿನಲ್ಲಿ ಬರುತ್ತವೆ. ನೆಲ ಒಂದೇ ಆದರೂ ಓದುಗರು ಬೇರೆ, ಪರೀಕ್ಷಕರು ಬೇರೆ. ಸ್ಥಳೀಯ ಉಪಭಾಷೆಗಳನ್ನೂ ಲಂಬಾಣಿಯನ್ನೂ ಕುರಿತ ಕನ್ನಡ ಬರಹಗಳು ಇಂಗ್ಲಿಷ್ ಪ್ರಬಂಧದ ಆಕರಗಳಾಗಬೇಕು. ತರಗತಿಯ ದತ್ತಾಂಶದಿಂದ ಹೊರಟ ಇಂಗ್ಲಿಷ್ ಪ್ರಬಂಧದ ಫಲಿತಗಳು ಕನ್ನಡದಲ್ಲಿಯೂ ದೊರೆಯಬೇಕು. ದ್ವಿಭಾಷಾ ಪತ್ರಿಕೆಗಳು ಈ ಕೊಡುಕೊಳೆಗೆ ನೆರವಾಗಬಲ್ಲವು.

ವಿನ್ಯಾಸದ ಈ ಚರ್ಚೆ ಕೇವಲ ಶಾಸ್ತ್ರಶುದ್ಧಿಯದಲ್ಲ. ಪ್ರಬಂಧಗಳ ಕೊನೆಯಲ್ಲಿ ಬರುವ ‘ಬೋಧನಾ ಸಲಹೆಗಳು’ ಪೂರಕ ತರಗತಿಗಳಿಗೂ ಅಭ್ಯಾಸ ಪುಸ್ತಕಗಳಿಗೂ ದಾರಿ ತೋರುತ್ತವೆ. ಕನ್ನಡದ ರಚನೆಯನ್ನು ಇಂಗ್ಲಿಷಿನೊಡನೆ ಹೋಲಿಸಿ ಸಿದ್ಧಪಡಿಸಿದ ಅಭ್ಯಾಸ, ಕನ್ನಡವನ್ನೇ ಶಾಲೆಯಲ್ಲಿ ಕಲಿತ ತಾಂಡಾದ ವಿದ್ಯಾರ್ಥಿನಿಗೆ ಎರಡು ಪಟ್ಟು ಹೊರೆ. ಆ ಅಭ್ಯಾಸದಿಂದ ಪ್ರಯೋಜನವಾಗದಿದ್ದಾಗ ಕೊರತೆ ಅವಳಲ್ಲಿದೆ ಎಂಬ ತೀರ್ಮಾನ ಬಲು ಬೇಗ ಹೊರಬೀಳುತ್ತದೆ. ಪ್ರಭಾವದ ಮೂಲವನ್ನು ಗುರುತಿಸದೆ ಬರೆದ ಒಂದು ಷರಾ ಹೀಗೆ ಕಲಿಯುವವರ ಸಾಮರ್ಥ್ಯದ ಮೇಲಿನ ತೀರ್ಪಾಗಿ ಪರಿಣಮಿಸುತ್ತದೆ. ಈ ಭಾಗದಲ್ಲಿ ಇಂಗ್ಲಿಷ್ ಕಲಿಕೆಯನ್ನು ಕುರಿತು ಹೊಸದಾಗಿ ನೋಂದಾಯಿಸಿಕೊಳ್ಳುವ ಸಂಶೋಧಕರು ತಮ್ಮ ಪ್ರಸ್ತಾವನೆಯಲ್ಲಿಯೇ ಮೂರನ್ನು ಸ್ಪಷ್ಟಪಡಿಸುವುದು ಒಳಿತು: ಮನೆಮಾತನ್ನು ಯಾವ ಪ್ರಶ್ನೆಗಳಿಂದ ತಿಳಿಯುತ್ತೇವೆ, ಯಾವ ಗುಂಪನ್ನು ಯಾವುದರೊಡನೆ ಹೋಲಿಸುತ್ತೇವೆ, ಆರಿಸಿಕೊಂಡ ಲಕ್ಷಣದಲ್ಲಿ ಆ ಮನೆಮಾತುಗಳು ನಿಜಕ್ಕೂ ಭಿನ್ನವಾಗಿವೆಯೇ.